ಹಾಲಿಗೆ ಉಪ್ಪು

ತೊಟ್ಟಿಲಿಗೆ ಹಾಕಿದ ದಿನವೇ ಕೂಸು ವಾಂತಿ ಮಾಡಿತು. ಬಂದಿದ್ದ ಹೆಂಗಸರು ಮಾಳಮಡ್ಡಿಯ ನಮ್ಮ ಮನೆಯ ಮೆಟ್ಟಿಲು ಇನ್ನೂ ಇಳಿದಿರಲಿಲ್ಲ. ಎರಡು ವರ್ಷದ ಹಿಂದೆ ಮೊದಲ ಮಗನಿಗೂ ಹೀಗೇ ಶುರುವಾಗಿತ್ತು.

ಅವನು ಇಪ್ಪತ್ತೊಂದು ದಿನ ಬದುಕಿದ.

ಆಗ ಅತ್ತೆ ದೃಷ್ಟಿ ತಾಗಿದೆ ಎಂದರು. ಹಿಡಿ ಉಪ್ಪನ್ನು ಅವನ ಸುತ್ತ ನಿವಾಳಿಸಿ ಒಲೆಗೆ ಹಾಕಿದರು. ಅದು ಚಟಪಟ ಸಿಡಿದಾಗ ನಾನೂ ಕೈಮುಗಿದೆ.

ಈ ಸಲ ಯಾರನ್ನೂ ಕೇಳಲಿಲ್ಲ. ಗಂಡನನ್ನು ಹೊರಡಿಸಿಕೊಂಡು ಹುಬ್ಬಳ್ಳಿಯ ಆಸ್ಪತ್ರೆಗೆ ಹೋದೆ. ಡಾಕ್ಟರು ಈ ಕೂಸಿಗಿಂತ ಹೆಚ್ಚಾಗಿ ಹೋದ ಕೂಸಿನ ಬಗ್ಗೆಯೇ ಕೇಳಿದರು. ಸಲೈನ್ ಹಚ್ಚಿದರು. ಮೂರನೆಯ ದಿನ ಕರೆದು ಹೇಳಿದರು.

"ಕಿಡ್ನಿ ಮ್ಯಾಲ ಒಂದು ಸಣ್ಣ ಗ್ರಂಥಿ ಇರ್ತದ ನೋಡ್ರಿ. ಅದು ಹಾರ್ಮೋನ್ ತಯಾರು ಮಾಡಲಿಕ್ಕೆ ಬೇಕಾದ ಒಂದು ಎನ್ಜೈಮ್ ನಿಮ್ಮ ಕೂಸಿಗೆ ಹುಟ್ಟಿನಿಂದನ ಇಲ್ಲ. ಮೈಯಾಗಿನ ಉಪ್ಪು ನಿಲ್ಲೂದಿಲ್ಲ, ಮೂತ್ರದಾಗ ಹೋಗ್ತದ. ಕಾರ್ಟಿಸೋನ್ ಗುಳಿಗಿ ತಪ್ಪಸಬ್ಯಾಡ್ರಿ. ಹಾಲಿಗೆ ಉಪ್ಪು ಹಾಕಿ ಕುಡಸ್ರಿ."

"ಮೊದಲನೇದಕ್ಕೂ ಇದೇ ಇತ್ತೇನ್ರಿ?"

"ಇದ್ದಿರಬೇಕು," ಎಂದರು, ಚೀಟಿಯಿಂದ ತಲೆಯೆತ್ತದೆ.

ಒಲೆಗೆ ಸುರಿದೆವಲ್ಲ, ಅದೇ ಉಪ್ಪು.

ಗುಳಿಗೆಯನ್ನು ಮುಂಬಯಿಯಿಂದ ತರಿಸಬೇಕಾಯಿತು. ಅದಕ್ಕೆ ಯಾರೂ ತಕರಾರು ಮಾಡಲಿಲ್ಲ. ತಕರಾರು ಬಂದದ್ದು ಅಡಿಗೆಮನೆಯ ಉಪ್ಪಿಗೆ. "ಹಾಲಿಗೆ ಉಪ್ಪು ಹಾಕಿದ್ರ ವಿಷ ಆಗ್ತದ. ತಾಯಿ ಆಗಿ ನಿನಗ ಕೈ ಹ್ಯಾಂಗ ಬರ್ತದ?" ಎಂದರು ಅತ್ತೆ. ವಾದಿಸುವ ತ್ರಾಣ ನನಗಿರಲಿಲ್ಲ. ಉಪ್ಪು ಕುಟ್ಟಿ, ಒಂದೊಂದು ಹೊತ್ತಿನದು ಒಂದೊಂದು ಪೊಟ್ಟಣ ಕಟ್ಟಿ ಗೂಡಿನಲ್ಲಿ ಇಡುತ್ತಿದ್ದೆ. ಎಂಟು ದಿನ ಕೂಸು ಚೆನ್ನಾಗಿತ್ತು. ಆಮೇಲೆ ಮತ್ತೆ ವಾಂತಿ. ಎರಡೇ ದಿನದಲ್ಲಿ ಅಳಲೂ ಶಕ್ತಿ ಉಳಿಯಲಿಲ್ಲ. ಬಟ್ಟಲಲ್ಲಿ ಉಳಿದ ಹಾಲನ್ನು ನಾಲಿಗೆಗೆ ಹಚ್ಚಿ ನೋಡಿದೆ.

ಸಿಹಿ.

ಅತ್ತೆ ಪೊಟ್ಟಣ ಬಿಚ್ಚಿ, ಕಲ್ಲುಸಕ್ಕರೆ ಪುಡಿ ತುಂಬಿ, ನಾನು ಮಡಿಸಿದಂತೆಯೇ ಮಡಿಸಿ ಇಟ್ಟಿದ್ದರು. "ಕೂಸಿನ ಮ್ಯಾಲಿನ ಮಾಯಾದಿಂದ ಮಾಡಿದೆ," ಎಂದು ಆಸ್ಪತ್ರೆಯ ದಾರಿಯುದ್ದಕ್ಕೂ ಅತ್ತರು. ಸುಳ್ಳು ಹೇಳಿದ್ದರೆ, ಕೆಟ್ಟವರಾಗಿದ್ದರೆ, ಮನಸಾರೆ ಬೈದು ಹಗುರಾಗುತ್ತಿದ್ದೆ. ಅವರು ನಿಜವಾಗಿಯೂ ಮಮತೆಯಿಂದಲೇ ಮಾಡಿದ್ದರು. ಅದಕ್ಕೇ ನನ್ನ ಸಿಟ್ಟು ಇಳಿಯಲು ಜಾಗವಿಲ್ಲ.

ಕೂಸು ಉಳಿಯಿತು. ಮೊನ್ನೆ ವರ್ಷ ತುಂಬಿತು. ಗುಳಿಗೆ ಜನ್ಮಪೂರ್ತಿ ಬೇಕು. ಇರಲಿ, ಅವನಿದ್ದಾನೆ.

ಈಗ ಹಾಲಿಗೆ ಉಪ್ಪು ಬೆರೆಸುವವರು ಅತ್ತೆಯೇ. ಕುಡಿಸುವ ಮೊದಲು ಒಂದು ಹನಿ ನನ್ನ ಅಂಗೈಗೆ ಹಾಕಿ ನಿಲ್ಲುತ್ತಾರೆ. ನಾನು ಕೇಳಿದ್ದಲ್ಲ, ಅವರೇ ಹಚ್ಚಿಕೊಂಡ ರೂಢಿ. ಒಂದು ಹೊತ್ತೂ ತಪ್ಪಿಸಿಲ್ಲ. "ಇನ್ನ ಸಾಕ್ರಿ ಅತ್ಯಾ, ನಂಬಿಕಿ ಅದ," ಎಂದರೆ ಮುಗಿಯಿತು. ಆ ಮಾತನ್ನು ನಾನಿನ್ನೂ ಆಡಿಲ್ಲ.

ನಾನು ಅಂಗೈ ನೆಕ್ಕಿ ನೋಡುತ್ತೇನೆ. ಉಪ್ಪಿದ್ದರೆ, ತಲೆಯಾಡಿಸುತ್ತೇನೆ.