ನಾನು ಸೇರಿಸಿದ ಐದನೇ ಕಲಮು

ಕಬಿನಿ ಅಣೆಕಟ್ಟೆಯ ಕೆಲಸದಿಂದ ನಾನು ನಿವೃತ್ತನಾದ ಮರುವರ್ಷದ ಸಂಗತಿ ಇದು. ಮೂವತ್ತೊಂದು ವರ್ಷ ಬೀಚನಹಳ್ಳಿಯಲ್ಲಿ ಬೆಳಿಗ್ಗೆ ಆರಕ್ಕೆ ಸರಿಯಾಗಿ ಅಳತೆಗೋಲು ನೋಡಿ ನೀರಿನ ಮಟ್ಟ ಬರೆದಿಟ್ಟವನು ನಾನು. ಒಂದು ದಿನವೂ ಅಂದಾಜಿನ ಮೇಲೆ ಬರೆಯಲಿಲ್ಲ. ಅಕ್ಷರ ದುಂಡಗಿದ್ದುದರಿಂದ ಊರಿನವರ ಅರ್ಜಿ, ಕರಾರು, ಪಾಲುಪಟ್ಟಿ ಎಲ್ಲವೂ ನನ್ನ ಬಳಿಗೇ ಬರುತ್ತಿದ್ದವು.

ಭಾಗ್ಯ ನನ್ನ ದಾಯಾದಿ ತಮ್ಮನ ಮಗಳು. ತಂದೆ ಇಲ್ಲ. ಗಂಡ ಮಹೇಶನ ಜೊತೆ ಬಾಳಲಾಗದೆ ಮೂರು ವರ್ಷದ ಮಗಳನ್ನು ಎತ್ತಿಕೊಂಡು ತವರಿಗೆ ಬಂದಿದ್ದಳು. ಕೋರ್ಟು ಕಚೇರಿ ಅಲೆಯುವುದು ಬೇಡವೆಂದು ಎರಡೂ ಕಡೆಯ ಹಿರಿಯರು ಒಂದು ಭಾನುವಾರ ಆಕೆಯ ತವರಿನ ಜಗಲಿಯಲ್ಲಿ ಸೇರಿದರು. ಒಡವೆ ವಾಪಸು, ಒಂದಿಷ್ಟು ಹಣ, ಅಲ್ಲಿಗೆ ಸಂಬಂಧ ಮುಗಿಯಿತು ಎಂದು ತೀರ್ಮಾನವಾಯಿತು. ಊರಿನ ಯಜಮಾನರು ಛಾಪಾ ಕಾಗದವನ್ನು ನನ್ನ ಮುಂದಿಟ್ಟು, "ಪುಟ್ಟರಾಜಣ್ಣ, ಎಲ್ಲೂ ತೂತಿಲ್ದಂಗೆ ಬರ್ದ್ಬುಡು" ಅಂದರು.

ಹಾಗೆಯೇ ಬರೆದೆ. ಹಿರಿಯರು ಹೇಳಿದ್ದು ನಾಲ್ಕು ಕಲಮು. ಐದನೆಯದನ್ನು ಯಾರೂ ಹೇಳಲಿಲ್ಲ, ಮುಂದೆ ತಕರಾರು ಬರಬಾರದೆಂದು ನಾನೇ ಸೇರಿಸಿದೆ: "ಭಾಗ್ಯಳು ಇನ್ನು ಯಾವ ಕಾಲಕ್ಕೂ ತನಗಾಗಲಿ ಮಗುವಿಗಾಗಲಿ ಜೀವನಾಂಶ ಕೇಳತಕ್ಕದ್ದಲ್ಲ." ಬರೆದು ಮುಗಿಸಿದಾಗ ಒಳ್ಳೆಯ ಕೆಲಸ ಮಾಡಿದೆ ಅನ್ನಿಸಿತ್ತು.

ಅಷ್ಟು ಹೊತ್ತೂ ಭಾಗ್ಯ ಅಡುಗೆಮನೆಯಲ್ಲಿ ಸೇರಿದವರಿಗೆಲ್ಲ ಟೀ ಕಾಯಿಸುತ್ತಿದ್ದಳು. ಸಹಿಗೆ ಕೂಗಿದೆವು. ಓದಿ ಹೇಳೋಣವೆಂದು ನಾನು ಕನ್ನಡಕ ಹಾಕಿಕೊಂಡರೆ ಯಜಮಾನರು, "ನೀನು ಬರ್ದ್ಮೇಲೆ ಇನ್ನೇನ್ ಓದೋದು ಬುಡು, ಬಸ್ಸಿಗೆ ಒತ್ತಾಯ್ತು" ಅಂದರು. ಅವಳು ಸೆರಗಿಗೆ ಕೈ ಒರೆಸಿಕೊಂಡು, ನಾನು ಬೆರಳು ತೋರಿಸಿದ ಕಡೆ ಸಹಿ ಹಾಕಿದಳು. ಒದ್ದೆ ಹೆಬ್ಬೆರಳು ತಾಗಿ ಕೊನೆಯ ಸಾಲಿನ ಶಾಯಿ ಹರಡಿತು. "ನೋಡ್ಕೊಂಡ್ ಹಾಕ್ಬಾರ್ದೇನವ್ವ" ಎಂದು ಗದರಿದೆ. ಆವತ್ತು ನಾನು ಅವಳೊಂದಿಗೆ ಆಡಿದ್ದು ಅದೊಂದೇ ಮಾತು.

ಎರಡು ವರ್ಷ ಕಳೆಯಿತು. ಭಾಗ್ಯ ಹಿನ್ನೀರಿನ ಕಡೆಯ ಒಂದು ರೆಸಾರ್ಟಿನ ಅಡುಗೆಮನೆಯಲ್ಲಿ ದುಡಿಯುತ್ತಿದ್ದಳು. ಆ ಕೆಲಸ ನಿಂತುಹೋಯಿತು. ಮಗಳನ್ನು ಸ್ಕೂಲಿಗೆ ಸೇರಿಸಬೇಕಾಗಿತ್ತು. ಮಹೇಶನನ್ನು ಕೇಳಲು ಹೋದವಳು ಮಾರನೆಯ ದಿನ ಬೆಳಿಗ್ಗೆ ನಾನು ವಾಕಿಂಗಿಗೆ ಹೊರಡುವ ಮೊದಲೇ ಬಾಗಿಲಲ್ಲಿ ನಿಂತಿದ್ದಳು. ಕೈಯಲ್ಲಿ ಆ ಕಾಗದದ ಜೆರಾಕ್ಸು.

"ದೊಡ್ಡಪ್ಪ, 'ನಿಮ್ಮ ದೊಡ್ಡಪ್ಪನೇ ಬರ್ದವ್ರೆ, ಓದ್ಕೊ ಓಗು' ಅಂದ. ಇದ್ರಲ್ಲಿ ಮಗೀಗೂ ಏನೂ ಕೊಡ್ಬೇಡಿ ಅಂತ ಬರ್ದಿದ್ದೀರಾ?"

ಅವಳು ಅಳುತ್ತಿರಲಿಲ್ಲ. ನಿಜವಾಗಿಯೂ ತಿಳಿಯದೆ ಕೇಳುತ್ತಿದ್ದಳು.

ಆವತ್ತೇ ನಮ್ಮ ತಾಲ್ಲೂಕು ಕೇಂದ್ರವಾದ ಕೋಟೆಯ ನ್ಯಾಯಾಲಯಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಉಚಿತ ಕಾನೂನು ನೆರವಿನ ಕೋಣೆಯಲ್ಲಿ ಚಿಕ್ಕ ವಯಸ್ಸಿನ ವಕೀಲೆಯೊಬ್ಬರಿದ್ದರು. ಕಾಗದ ಓದಿ, "ಅಕ್ಷರ ತುಂಬ ಚೆನ್ನಾಗಿದೆ. ಬರೆದಿದ್ದು ಯಾರು?" ಅಂದರು.

"ನಾನೇ."

"ಸರ್, ಇದರಿಂದ ವಿಚ್ಛೇದನ ಆಗಲ್ಲ. ಕಾನೂನಿನ ಲೆಕ್ಕದಲ್ಲಿ ಇವರು ಇವತ್ತಿಗೂ ಗಂಡ ಹೆಂಡತಿ. ಬಿಡುಗಡೆ ಬೇಕಾದರೆ ನ್ಯಾಯಾಲಯವೇ ಕೊಡಬೇಕು. ಇನ್ನು ಮಗುವಿನ ಜೀವನಾಂಶ ಮಗುವಿನ ಹಕ್ಕು. ಅದನ್ನ ಬೇಡ ಅಂತ ತಾಯಿನೂ ಬರೆದುಕೊಡೋಕಾಗಲ್ಲ." ಕಾಗದವನ್ನು ನನ್ನ ಕಡೆ ತಿರುಗಿಸಿಟ್ಟು ಕೇಳಿದರು: "ಸಹಿ ಹಾಕೋ ಮೊದಲು ಇವರಿಗೆ ಓದಿ ಹೇಳಿದ್ರಾ?"

ಭಾಗ್ಯ ನೆಲ ನೋಡಿದಳು. ನಾನೂ ನೋಡಿದೆ.

ಜೀವನಾಂಶದ ಅರ್ಜಿ ಹಾಕಿದೆವು. ಮಹೇಶನ ಕಡೆಯವರು ನನ್ನ ಕಾಗದವನ್ನೇ ನೆಚ್ಚಿಕೊಂಡು ನನ್ನನ್ನೇ ಸಾಕ್ಷಿಗೆ ಕರೆಸಿದರು. ಹಿಂದಿನ ಸಂಜೆ ಯಜಮಾನರು ಮನೆಗೆ ಬಂದು, "ನಿನ್ ಕೈಬರಹನ ನೀನೇ ಅಲ್ಲ ಅಂದ್ರೆ ನಾಳಿಂದ ನಿನ್ ತಾವ ಯಾರ್ ಬರುಸ್ತಾರ್ ಏಳು?" ಅಂದರು. ಅವರ ಮಾತು ಸುಳ್ಳಾಗಿರಲಿಲ್ಲ. ನನಗೆ ಅಳುಕಾಯಿತು.

ಮಾರನೆಯ ದಿನ ನ್ಯಾಯಾಲಯದಲ್ಲಿ ಮಹೇಶನ ವಕೀಲರು ಕಾಗದ ತೋರಿಸಿ ಕೇಳಿದರು: "ಆಕೆ ನಿಮ್ಮ ಎದುರಿಗೇ ಒಪ್ಪಿ ಸಹಿ ಮಾಡಿದ್ದಲ್ಲವೇ?"

ಹರಡಿದ ಶಾಯಿ ಕಣ್ಣಿಗೆ ಬಿತ್ತು. "ಸಹಿ ಮಾಡಿದ್ದು ನಿಜ ಸ್ವಾಮಿ. ಒಪ್ಪಿದಳೋ ಇಲ್ಲವೋ ಅಂತ ನಾನು ಕೇಳಲಿಲ್ಲ. ಓದಿಯೂ ಹೇಳಲಿಲ್ಲ. ಐದನೇ ಕಲಮು ಹಿರಿಯರು ಯಾರೂ ಹೇಳಿದ್ದಲ್ಲ, ನಾನೇ ಸೇರಿಸಿದ್ದು" ಅಂದೆ.

ಭಾಗ್ಯಳಿಗೂ ಮಗುವಿಗೂ ಪ್ರತಿ ತಿಂಗಳು ಜೀವನಾಂಶ ಕೊಡಬೇಕೆಂದು ಆದೇಶವಾಯಿತು. ಆಮೇಲೆ ಇಬ್ಬರೂ ಒಪ್ಪಿ ನ್ಯಾಯಾಲಯದಲ್ಲಿ ಅರ್ಜಿ ಹಾಕಿ, ಆರು ತಿಂಗಳು ಕಾದು, ಸರಿಯಾದ ರೀತಿಯಲ್ಲಿ ವಿಚ್ಛೇದನ ಪಡೆದರು. ಯಜಮಾನರು ನನ್ನೊಂದಿಗೆ ಈಗಲೂ ಅಷ್ಟಕ್ಕಷ್ಟೇ. ಬಿಡುಗಡೆ ಪತ್ರ ಬರೆದುಕೊಡಿ ಎಂದು ಬಂದವರನ್ನು ನಾನು ಕೋಟೆಯ ಬಸ್ಸು ಹತ್ತಿಸುತ್ತೇನೆ.

ಅಳತೆಗೋಲು ನೋಡದೆ ನೀರಿನ ಮಟ್ಟ ಬರೆಯದವನು, ಒಳಗಿದ್ದ ಹುಡುಗಿಯನ್ನು ಒಂದು ಮಾತು ಕೇಳದೆ ಅವಳ ಬದುಕನ್ನು ಬರೆದೆನಲ್ಲ ಎಂಬುದು ಇವತ್ತಿಗೂ ಚುಚ್ಚುತ್ತದೆ.

ಹೋದ ತಿಂಗಳು ಭಾಗ್ಯ ಮಗಳ ಸ್ಕೂಲಿಗೆ ಒಂದು ಅರ್ಜಿ ಬರೆಸಲು ಬೆಳಿಗ್ಗೆಯೇ ಬಂದಳು. ಬರೆದು ಕೊಟ್ಟೆ. ಪೆನ್ನು ಹಿಡಿದವಳು ನಕ್ಕು, "ದೊಡ್ಡಪ್ಪ, ನೀವಾಗೇ ಏನೂ ಸೇರ್ಸಿಲ್ಲ ತಾನೆ?" ಅಂದಳು.

"ಇಲ್ಲ ಕಣವ್ವ. ಓದ್ಕೊಂಡೇ ಹಾಕು."

ಅವಳು ಒಂದೊಂದು ಸಾಲಿಗೂ ಬೆರಳಿಟ್ಟು ನಿಧಾನವಾಗಿ ಓದತೊಡಗಿದಳು. ನನ್ನ ವಾಕಿಂಗಿನ ಹೊತ್ತು ಮೀರುತ್ತಿತ್ತು. ನಾನು ಏಳಲಿಲ್ಲ.