ಎದುರುಮನೆ ಅಣ್ಣನ ಐಸ್ ಟೀ

ಮೊನ್ನೆ ಮಧ್ಯಾಹ್ನ ಹಾಲು ಒಡೆದುಹೋಯಿತು. ಆಗಲೇ ಇಳಿಸಿಟ್ಟಿದ್ದ ಟೀ ಡಿಕಾಕ್ಷನ್ ಚೆಲ್ಲಲು ಮನಸ್ಸಾಗದೆ ಅರ್ಧ ನಿಂಬೆಹಣ್ಣು ಹಿಂಡಿದೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ಚನ್ನಪಟ್ಟಣದ ನಮ್ಮ ಹಳೇ ಬೀದಿಯ ಎದುರುಮನೆ ಅಣ್ಣ ಕಣ್ಣ ಮುಂದೆ ಬಂದು ನಿಂತರು...

ನಾನು ಮದುವೆಯಾಗಿ ಆ ಬೀದಿಗೆ ಹೋದಾಗ ಅಣ್ಣ ದಿನಾ ರೈಲು ಹತ್ತಿ ಬೆಂಗಳೂರಿಗೆ ಹೋಗಿ, ಯಾವುದೋ ಕ್ಲಬ್ಬಿನಲ್ಲಿ ಬೇರರ್ ಕೆಲಸ ಮಾಡುತ್ತಿದ್ದರು. ಕುಡಿತ ಕಲಿತದ್ದೂ ಅಲ್ಲೇ. ಹೊಡೆತ ಬಡಿತ ಏನಿಲ್ಲ, ಬಂದವರು ಜಗಲಿಯಲ್ಲೇ ಮಲಗಿಬಿಡುತ್ತಿದ್ದರು. ಮಾನ ಹೋಗುವುದಕ್ಕೆ ಅಷ್ಟು ಸಾಲದೇ? ಅವರ ಹೆಂಡತಿಯನ್ನು ನಾನು ಅತ್ತಿಗೆ ಎನ್ನುತ್ತಿದ್ದೆ. ಆಕೆ ಒಂದು ದಿನ ಬಟ್ಟೆ ಕಟ್ಟಿಕೊಂಡು ಮಾಗಡಿಯ ತವರಿಗೆ ಹೊರಟೇಬಿಟ್ಟರು. "ಕುಡ್ಯೋದ್ ಬುಟ್ಟೆ ಅಂತ ಬಾಯಲ್ಲಿ ಹೇಳಿದ್ರೆ ಆಗಕಿಲ್ಲ. ಒಂದು ಬೇಸ್ಗೆ ಪೂರ್ತಿ ಬುಟ್ಟು ತೋರ್ಸಿ, ಬತ್ತೀನಿ," ಎಂದದ್ದು ಬೀದಿಗೆಲ್ಲ ಕೇಳಿಸಿತ್ತು.

ಅಣ್ಣ ಕ್ಲಬ್ಬಿನ ಕೆಲಸ ಬಿಟ್ಟು ಊರಲ್ಲೇ ಒಂದು ಹೋಟೆಲಿಗೆ ಸೇರಿದರು. ಯುಗಾದಿ ಕಳೆದ ಮೇಲೆ ದಿನಾ ಸಂಜೆ ಸ್ಟೀಲ್ ಡಬ್ಬಿ ಹಿಡಿದು ನಮ್ಮ ಬಾಗಿಲಿಗೆ ಬರತೊಡಗಿದರು. ಬೀದಿಗೆಲ್ಲ ನಮ್ಮದೊಂದೇ ಫ್ರಿಜ್ಜು.

"ಒಸಿ ಐಸ್ ಐತೇನವ್ವ?"

ಕೊಟ್ಟು, ಕಿಟಕಿಯಿಂದ ನೋಡುತ್ತಿದ್ದೆ. ಜಗಲಿಯ ಮೇಲೆ ಕೂತು, ಗಾಜಿನ ಲೋಟದಲ್ಲಿ ಕೆಂಪಗಿನದೇನನ್ನೋ ಗುಟುಕು ಗುಟುಕಾಗಿ ಹೀರುತ್ತಿದ್ದರು... ನಮಗೆ ಟೀ ಎಂದರೆ ಹಾಲು ಹಾಕಿದ್ದು, ನಾಲಿಗೆ ಸುಡುವಂಥದ್ದು. ಆರಿಹೋದರೆ ಅದು ಗಿಡದ ಬುಡಕ್ಕೆ. ಕೆಂಪಗಿದ್ದು ಮೇಲೆ ಐಸು ತೇಲಿದರೆ ಅದು ರಮ್ಮೇ ಸೈ ಎಂದು ನಾನು ತೀರ್ಮಾನಿಸಿದೆ. ನಮ್ಮತ್ತೆಯೂ ಹೂಂ ಎಂದರು.

ಒಂದು ಶನಿವಾರ ಕೆಂಗಲ್ ಆಂಜನೇಯನ ಗುಡಿಯಲ್ಲಿ ಅತ್ತಿಗೆ ಸಿಕ್ಕರು. ಗಂಡನಿಗಾಗಿ ಹರಕೆ ಹೊತ್ತು ಬಂದಿದ್ದರಂತೆ. ನನ್ನ ಬಾಯಿ ಸುಮ್ಮನಿರಬೇಕಲ್ಲ! "ಅತ್ಗೆ, ಅಣ್ಣ ಮತ್ತೆ ಶುರು ಹಚ್ಕೊಂಡವ್ರೆ. ನಾನೇ ಕಣ್ಣಾರೆ ನೋಡಿವ್ನಿ," ಎಂದುಬಿಟ್ಟೆ. ಪ್ರಸಾದ ಅವರ ಕೈಯಲ್ಲೇ ಉಳಿಯಿತು.

ಅವತ್ತೇ ಸಂಜೆ ಅತ್ತಿಗೆ ಬಂದಿಳಿದರು. ಜಗಲಿ ಹತ್ತಿ ಅಣ್ಣನ ಕೈಯಿಂದ ಲೋಟ ಕಿತ್ತುಕೊಂಡರು. ಮೂಸಿದರು. ಇನ್ನೊಮ್ಮೆ ಮೂಸಿದರು. ಒಂದು ಗುಟುಕು ಕುಡಿದು, "ಏನಿದು?" ಎಂದರು.

"ಟೀ ಕಣೆ. ಕ್ಲಬ್ಬಲ್ಲಿ ಮೇಡಮ್ಮೋರ್ಗೆ ಮಾಡ್ಕೊಡ್ತಿದ್ದೆ. ಸಂಜೆ ಆದ್ರೆ ಕೈ ಲೋಟ ಕೇಳ್ತದೆ, ಏನ್ಮಾಡ್ಲಿ?"

ಅತ್ತಿಗೆ ಅಲ್ಲೇ ಕೂತರು. ಸೆರಗಿನಲ್ಲಿ ಕಣ್ಣೊರೆಸಿಕೊಂಡು ಲೋಟ ಖಾಲಿ ಮಾಡಿ, "ಸಕ್ಕರೆ ಒಸಿ ಜಾಸ್ತಿ ಆಯ್ತು," ಎಂದರು. ಬೇಸಿಗೆ ಮುಗಿಯಲು ಇನ್ನೂ ಒಂದು ತಿಂಗಳಿತ್ತು, ಆದರೂ ಅವರು ವಾಪಸ್ಸು ಹೋಗಲಿಲ್ಲ. ಬಟ್ಟೆಯ ಗಂಟು ತರಲು ಮಾಗಡಿಗೆ ಅಣ್ಣನೇ ಹೋಗಿಬಂದರು.

ನನಗೋ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ. ಮಾರನೆಯ ಸಂಜೆ ಅಣ್ಣ ನಮ್ಮ ಅಡುಗೆಮನೆಗೇ ಬಂದು ಮಾಡಿ ತೋರಿಸಿದರು. ಕುದಿಯುವ ನೀರಿಗೆ ಟೀ ಪುಡಿ ಹಾಕಿ, ಒಲೆ ಆರಿಸಿ, ತಟ್ಟೆ ಮುಚ್ಚಿ, ಸೋಸಿದ ಕೂಡಲೇ ಸಕ್ಕರೆ. "ಬಿಸೀಲೇ ಕರಗ್ಬೇಕವ್ವ. ಆರೋದ್ಮೇಲೆ ಎಷ್ಟ್ ತಿರುಗಿಸಿದ್ರೂ ತಳದಲ್ಲೇ ಕೂತ್ಕತದೆ." ನಿಂಬೆ ಹಿಂಡಿ, ಐಸು ಹಾಕಿ ಮೊದಲ ಲೋಟ ನನ್ನ ಕೈಗೇ ಕೊಟ್ಟರು. ಚಾಡಿ ಹೇಳಿದವಳು ನಾನೇ ಎನ್ನಲು ಬಾಯಿ ತೆರೆದೆ... ಆಗಲಿಲ್ಲ.

ಅವರ ಮನೆಗೂ ಫ್ರಿಜ್ಜು ಬಂತು. ಆಮೇಲೂ, ನಾವು ರಾಮನಗರಕ್ಕೆ ಬರುವವರೆಗೂ, ಪ್ರತಿ ಬೇಸಿಗೆಯ ಮೊದಲ ಲೋಟ ಬೀದಿ ದಾಟಿ ನನಗೆ ಬರುತ್ತಿತ್ತು. ಪ್ರತಿ ಸಲವೂ ಹೇಳಬೇಕೆಂದುಕೊಂಡು ಟೀ ಜೊತೆ ಮಾತನ್ನೂ ನುಂಗಿದೆ.

ಅಣ್ಣ ಹೋದ ವರ್ಷ ತೀರಿಕೊಂಡರು. ಆ ಬೇಸಿಗೆಯಿಂದ ಕೊನೆಯವರೆಗೂ ಒಂದು ಹನಿ ಹೆಂಡ ಮುಟ್ಟಿರಲಿಲ್ಲ. ಇನ್ನು ಹೇಳೋಣವೆಂದರೂ ಕೇಳುವವರಿಲ್ಲ. ಮೊನ್ನೆ ತಡೆಯಲಾರದೆ ಅತ್ತಿಗೆಗೆ ಫೋನ್ ಮಾಡಿ, "ಗುಡೀಲಿ ನಿಮ್ಗೆ ಹೇಳಿದ್ದು ನಾನೇ ಅಂತ ಅಣ್ಣಂಗೆ ಒಂದ್ಸಲನಾರ ಹೇಳ್ಬೇಕಿತ್ತು," ಎಂದು ಅತ್ತುಬಿಟ್ಟೆ.

ಆ ಕಡೆ ಅತ್ತಿಗೆ ನಕ್ಕರು.

"ಅಯ್ಯೋ, ಅವತ್ ಸಂಜೇನೇ ನಾನ್ ಹೇಳಿದ್ದೆ ಕಣವ್ವ. ಅದ್ಕೆ ನಿಮ್ಮಣ್ಣ, 'ಆ ಹುಡ್ಗಿ ಬಾಯಿ ಬುಡ್ದೆ ಇದ್ದಿದ್ರೆ ನೀನಿನ್ನೂ ಮಾಗಡೀಲೇ ಇರ್ತಿದ್ದೆ, ನಾಳೆ ಮೊದ್ಲು ಅವ್ಳಿಗೆ ಒಂದ್ ಲೋಟ ಮಾಡ್ಕೊಡ್ಬೇಕು' ಅಂದ್ರು."