ಅಕ್ಕನ ಹೊಲ ಉತ್ತವನು

ಊರಿನಲ್ಲಿ ಅವನನ್ನು ಎಲ್ಲರೂ ಗೆರೆಯಣ್ಣ ಎಂದೇ ಕರೆಯುತ್ತಿದ್ದರು. ಬಾಡಿಗೆಗೆ ಟ್ರ್ಯಾಕ್ಟರ್ ಹೊಡೆಯುವವನು. ಅವನು ಉತ್ತ ಹೊಲದಲ್ಲಿ ಸಾಲುಗಳು ಈ ಬದುವಿನಿಂದ ಆ ಬದುವಿಗೆ ದಾರ ಕಟ್ಟಿ ಎಳೆದ ಹಾಗಿರುತ್ತಿದ್ದವು. ಅಷ್ಟಕ್ಕೆ ಸುಮ್ಮನಿದ್ದರೆ ಆಗುತ್ತಿತ್ತು. ಆದರೆ ಹೊಗಳಿಕೆ ಯಾರ ತಲೆಗೆ ಏರುವುದಿಲ್ಲ ಹೇಳಿ? ಮೂವತ್ತು ವರ್ಷ ಊರವರ ಬಾಯಲ್ಲಿ ಭೇಷ್ ಅನ್ನಿಸಿಕೊಂಡವನಿಗೆ ಉಳದ ಹೊಲ ಕಂಡರೆ ಮೈಯೆಲ್ಲ ಉರಿಯುತ್ತಿತ್ತು.

ಉಳದ ಹೊಲ ಊರಿಗೆಲ್ಲ ಒಂದೇ ಇತ್ತು. ಅದೂ ಅವನ ಸ್ವಂತ ಅಕ್ಕನದು.

ಅಕ್ಕ ಎಂದರೆ ಬರೀ ಅಕ್ಕನಲ್ಲ. ತಾಯಿ ತೀರಿಕೊಂಡಾಗ ಇವನಿಗೆ ನಾಲ್ಕು ವರ್ಷ, ಅವಳಿಗೆ ಹದಿನಾರು. ಸೊಂಟದ ಮೇಲೆ ಹೊತ್ತು ಸಾಕಿದವಳು. ಅವಳು ಆರು ವರ್ಷದಿಂದ ಹೊಲಕ್ಕೆ ನೇಗಿಲು ತಾಗಿಸಿರಲಿಲ್ಲ. ಮೆಕ್ಕೆಜೋಳ ಕೊಯ್ದ ಮೇಲೆ ಕೂಳೆ ಕೀಳದೆ, ದಂಟು ಗರಿ ಎಲ್ಲ ಅಲ್ಲಲ್ಲೇ ಬಿಟ್ಟು, ನಡುನಡುವೆ ಸಣ್ಣ ಗುಳಿ ತೋಡಿ ಬೀಜ ಊರುತ್ತಿದ್ದಳು. ಕೈಯಲ್ಲಿ ಸದಾ ಒಂದು ಕಬ್ಬಿಣದ ಸರಳು. ಅದನ್ನು ಮಣ್ಣಿಗೆ ಚುಚ್ಚಿ ತೇವ ಎಷ್ಟು ಆಳದವರೆಗಿದೆ ಎಂದು ನೋಡುವುದು.

"ಮೊದಲು ಆರು ದಿನಕ್ಕೊಂದು ಸಲ ನೀರು ಹಾಯಿಸ್ತಿದ್ದೆ. ಈಗ ಹನ್ನೆರಡು ದಿನ ತಡೆಯುತ್ತೆ ಕಣೋ. ಮೇಲೆ ಹೊದಿಕೆ ಇದೆ, ಒಳಗೆ ಎರೆಹುಳ ದಾರಿ ಮಾಡಿದೆ. ಮಳೆ ನೀರು ನೆಟ್ಟಗೆ ಕೆಳಗಿಳಿಯುತ್ತೆ," ಎನ್ನುತ್ತಿದ್ದಳು. ಇವನು ಒಂದು ಕಿವಿಯಲ್ಲಿ ಕೇಳಿ ಇನ್ನೊಂದರಲ್ಲಿ ಬಿಡುತ್ತಿದ್ದ. ಚಹಾದಂಗಡಿಯಲ್ಲಿ ಜನ "ಗೆರೆಯಣ್ಣನ ಅಕ್ಕನ ಹೊಲ ನೋಡ್ರಪ್ಪ, ನಿದ್ದೆಯಿಂದ ಎದ್ದು ಬಂದವರ ತಲೆ ಇದ್ದ ಹಾಗಿದೆ" ಎಂದು ನಕ್ಕದ್ದು ಮಾತ್ರ ಕಿವಿಯಲ್ಲೇ ಉಳಿದುಬಿಡುತ್ತಿತ್ತು.

ಒಮ್ಮೆ ಕೊಯ್ಲು ಮುಗಿದ ಮೇಲೆ ಅಕ್ಕ ಕಣ್ಣಿನ ಪೊರೆ ತೆಗೆಸಲು ಮಗಳ ಮನೆಗೆ ಹೋಗಿ ಹದಿನೈದು ದಿನ ಇದ್ದಳು. ಇವನಿಗೆ ಪ್ರೀತಿ ಉಕ್ಕಿತು. ಹೊಸ ಕಣ್ಣಲ್ಲಿ ಅವಳು ಚೊಕ್ಕ ಹೊಲವನ್ನೇ ನೋಡಲಿ ಎಂದು ಉದ್ದಕ್ಕೊಮ್ಮೆ, ಅಡ್ಡಕ್ಕೊಮ್ಮೆ ಆಳವಾಗಿ ಉತ್ತ. ಹೆಂಟೆ ಒಡೆದು ಮಣ್ಣನ್ನು ಹಿಟ್ಟು ಮಾಡಿದ. ಬೇರೆ ಯಾರ ಹೊಲದಲ್ಲೂ ಅವನು ಅಷ್ಟು ಮೈ ಬಗ್ಗಿಸಿದವನಲ್ಲ.

ಅಕ್ಕ ಬಸ್ಸಿಳಿದು ಬಂದಳು, ನೋಡಿದಳು, ಬದುವಿನ ಮೇಲೆ ಕೂತುಬಿಟ್ಟಳು.

"ನನ್ನನ್ನ ಒಂದು ಮಾತು ಕೇಳ್ಬಾರದಿತ್ತಾ?"

ಅಷ್ಟೇ. ಆಮೇಲೆ ಎರಡು ವರ್ಷ ಅವನೊಂದಿಗೆ ಮಾತಿಲ್ಲ.

ಮೊದಲ ಜೋರು ಮಳೆಗೇ ಆ ಹಿಟ್ಟಿನಂಥ ಮಣ್ಣು ಮೇಲ್ಗಡೆ ಹೆಪ್ಪುಗಟ್ಟಿತು. ನೀರು ಒಳಗಿಳಿಯದೆ ಕೆಂಪಗೆ ರಸ್ತೆಗೆ ಹರಿಯಿತು. ಇಳಿದ ಚೂರುಪಾರು ತೇವವೂ ವಾರದ ಬಿಸಿಲಿಗೆ ಆರಿತು. ಅಕ್ಕನ ಬಾವಿಯ ಪಂಪು ಮತ್ತೆ ಆರು ದಿನಕ್ಕೊಮ್ಮೆ ಕೂಗತೊಡಗಿತು. ಆ ಸದ್ದು ಕೇಳಿದಾಗಲೆಲ್ಲ ಇವನು ಊಟದ ತಟ್ಟೆ ಬಿಟ್ಟು ಏಳುತ್ತಿದ್ದ.

ಮನೆಗೆ ಹೋದರೆ ಅಕ್ಕ ಸೊಸೆಗೆ "ಬಂದವರಿಗೆ ನೀರು ಕೊಡಮ್ಮ" ಎಂದು ಹೇಳಿ ಒಳಗೆ ಹೋಗುತ್ತಿದ್ದಳು. ಬಂದವರಂತೆ! ಬೈದಿದ್ದರೆ, ಕೆನ್ನೆಗೆ ಎರಡು ಬಾರಿಸಿದ್ದರೆ ಎಷ್ಟೋ ವಾಸಿಯಿತ್ತು. ಐವತ್ತೈದು ದಾಟಿದ ಗಂಡಸು, ಅಕ್ಕನ ಬಾಯಿಂದ ಒಂದು ಬೈಗುಳಕ್ಕಾಗಿ ಹಂಬಲಿಸಿ ಸೊರಗಿದ. ಅವಳ ಹೊಲದ ಪಕ್ಕ ಬಂದಾಗ ಟ್ರ್ಯಾಕ್ಟರ್ ನಿಲ್ಲಿಸಿ ಎಂಜಿನ್ ಆರಿಸುತ್ತಿದ್ದ. ಒಂದು ವೇಳೆ ಕರೆದರೆ ಕೇಳಿಸಲಿ ಎಂದು. ಅವಳು ಕರೆಯಲಿಲ್ಲ.

ಈ ಸಲ ಸುಗ್ಗಿ ಮುಗಿದ ಮೇಲೆ, ಊರವರು ಸುಡಬೇಕೆಂದಿದ್ದ ದಂಟು ಹುಲ್ಲನ್ನೆಲ್ಲ ಕೇಳಿ ಟ್ರೈಲರಿಗೆ ತುಂಬಿಕೊಂಡ. ಚಕ್ರ ಹಾಯ್ದರೆ ಮಣ್ಣು ಇನ್ನಷ್ಟು ಗಟ್ಟಿಯಾದೀತೆಂದು ಗಾಡಿಯನ್ನು ರಸ್ತೆಯಲ್ಲೇ ಬಿಟ್ಟು, ಹೊರೆ ಹೊರೆಯಾಗಿ ತಲೆಯ ಮೇಲೆ ಹೊತ್ತು ಅಕ್ಕನ ಹೊಲಕ್ಕೆ ಹರಡತೊಡಗಿದ.

"ಏನಣ್ಣ, ಗೆರೆ ಮುಚ್ಚೋ ಕೆಲಸ ಶುರು ಮಾಡಿದೀಯ?" ಎಂದ ಚಹಾದಂಗಡಿಯವನು.

"ಎಳೆದವನೇ ಮುಚ್ಚಬೇಕಲ್ಲಪ್ಪ," ಎಂದ ಇವನು. ನಗಲಿಲ್ಲ.

ಮೂರು ದಿನ ಅಕ್ಕ ಬಾಗಿಲಲ್ಲಿ ನಿಂತು ನೋಡಿದಳು. ನಾಲ್ಕನೆಯ ದಿನ ಹೊಲಕ್ಕಿಳಿದು ಬಂದು, ಹುಲ್ಲು ಸರಿಸಿ ಸರಳು ಚುಚ್ಚಿದಳು. ಗೇಣುದ್ದ ಇಳಿದು ನಿಂತಿತು.

"ಇಲ್ಲಿ ತೆಳ್ಳಗಾಯ್ತು. ಇನ್ನಷ್ಟು ಹಾಕು."

ಅವನು ತಲೆಯ ಮೇಲಿನ ಹೊರೆ ಇಳಿಸುವುದನ್ನೇ ಮರೆತ. "ಅಕ್ಕಾ, ಮೊದಲಿನ ಹಾಗೆ ಆಗೋಕೆ ಎಷ್ಟು ದಿನ ಬೇಕು?"

"ದಿನ ಎಲ್ಲಿ ಬಂತೋ. ಇನ್ನೂ ಐದಾರು ವರ್ಷ." ಅವಳು ಹೊಲದ ಉದ್ದಕ್ಕೂ ಕಣ್ಣಾಡಿಸಿದಳು. "ಅಷ್ಟು ದಿನ ನಾನಿರ್ತೀನೋ ಇಲ್ವೋ. ಮಗನಿಗೆ ಇದರ ಗೊಡವೆ ಇಲ್ಲ. ನಾನು ಹೋದ್ಮೇಲೆ ನಿನ್ನನ್ನೇ ಕರೀತಾನೆ, ಮಾವ, ಬಂದು ಉತ್ತುಕೊಡು ಅಂತ."

ಅವನು ತಲೆಯ ಮೇಲಿನ ಹೊರೆಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ.

"ಆಗ ಬರಲ್ಲ ಅನ್ನು. ಅಷ್ಟು ಮಾಡ್ತೀಯಾ?"

ಎರಡು ವರ್ಷ ಅವಳ ಒಂದು ಮಾತಿಗಾಗಿ ಕಾದಿದ್ದ. ಈಗ ಸಿಕ್ಕಿತ್ತು, ಅದೂ ಅವಳೇ ಇರದ ದಿನದ ಮಾತು. ಹೂಂ ಎನ್ನಲು ಬಾಯಿ ತೆರೆದರೆ ಅಳು ಬಂತು.

"ಅಳೋದು ಆಮೇಲೆ ಇದ್ದೇ ಇದೆ," ಎಂದಳು ಅಕ್ಕ, ಅವನ ತಲೆಯ ಮೇಲಿನ ಹೊರೆಗೆ ಕೈ ಕೊಡುತ್ತ. "ಈಗ ಇಳಿಸು, ಇಬ್ರೂ ಹರಡೋಣ."